ಅಮ್ಮನ ಭುಜ ಹಿಡಿದವಳು

ಇದು ನಡೆದದ್ದು. ಕಥೆ ಕಟ್ಟುವ ತಾಳ್ಮೆ ನನಗಿಲ್ಲ, ಅನ್ನ ಸ್ವಲ್ಪ ಮುದ್ದೆಯಾದರೂ ಸಿಟ್ಟು ಬರುವ ಹೆಂಗಸು ನಾನು. ದೆವ್ವ ನೋಡಿದೆ ಅಂದವರಿಗೆ ಮೊದಲು ಕಣ್ಣು ತೋರಿಸಿಕೊಂಡು ಬನ್ನಿ ಎನ್ನುತ್ತಿದ್ದೆ. ಆ ರಾತ್ರಿಯ ಮೇಲೆ ಆ ಮಾತು ಬಿಟ್ಟಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬಹುದು. ನನ್ನ ಗಂಡನಿಗೆ ಊರಂಚಿನ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಕೆಲಸ, ನಮ್ಮ ವಾಸ ತುಮಕೂರಿನಲ್ಲಿ. ಅವರಿಗೆ ರಾತ್ರಿ ಪಾಳಿ ಬಿದ್ದ ವಾರವೆಲ್ಲ ನಾನು ಗುಬ್ಬಿಯ ತವರಿಗೆ ಹೋಗಿಬಿಡುತ್ತಿದ್ದೆ. ಅಲ್ಲಿ ಇದ್ದವರು ಅಮ್ಮ, ಮತ್ತೆ ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ. ದೊಡ್ಡಮ್ಮ ಕುಣಿಗಲ್‌ನ ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆದ ಮೇಲೆ ನೋಡಿಕೊಳ್ಳುವುದಕ್ಕೆ ಅಂತ ಅಮ್ಮನೇ ಕರೆತಂದಿದ್ದಳು.

ತುಮಕೂರಿನ ಡಾಕ್ಟರು ದೊಡ್ಡಮ್ಮನಿಗೆ ಗಟ್ಟಿ ಮಾತ್ರೆ ಬರೆದುಕೊಟ್ಟಿದ್ದರು. ಅಫೀಮಿನ ಜಾತಿಯದು, ಹುಷಾರು ಅಂತ ಔಷಧಿ ಅಂಗಡಿಯವನೂ ಹೇಳಿದ್ದ. ಆದರೆ ದೊಡ್ಡಮ್ಮನ ನೋವು ಮಾತ್ರೆಗೆ ಜಗ್ಗಲೇ ಇಲ್ಲ.

"ಇದೆಂಥ ಮಾತ್ರೆನೇ, ಕಡ್ಲೆ ತಿಂದಂಗೈತೆ" ಎನ್ನುತ್ತಿದ್ದಳು. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ನರಳುತ್ತಿದ್ದಳು. ಅಷ್ಟು ದುಡ್ಡಿನ ಮಾತ್ರೆ ನುಂಗಿಯೂ ಇದೇನು ನಾಟಕ ಅಂತ ನಾವೇ ಒಳಗೊಳಗೆ ಬೈದುಕೊಂಡಿದ್ದೂ ಉಂಟು. ಪಾಪ.

ಆ ಸಂಜೆ ಅಮ್ಮನಿಗೆ ಹಲ್ಲುನೋವು. ದವಡೆ ಊದಿಕೊಂಡಿತ್ತು. ಲವಂಗ ಇಟ್ಟರೂ ಇಲ್ಲ, ಉಪ್ಪುನೀರು ಮುಕ್ಕಳಿಸಿದರೂ ಇಲ್ಲ. ಆಗ ದೊಡ್ಡಮ್ಮ ದಿಂಬಿನ ಕೆಳಗಿಂದ ತನ್ನ ಮಾತ್ರೆ ತೆಗೆದು ಕೊಟ್ಟಳಂತೆ.

"ಒಂದ್ರಲ್ಲಿ ಏನೂ ಆಗಲ್ಲ ಕಣೆ ಗೌರಿ, ನಾನು ನೋಡಿವ್ನಲ್ಲ. ಎರಡು ತಗೋ."

ನಮ್ಮ ಕಡೆ ಮಾತ್ರೆಯೂ ಉಪ್ಪಿನಕಾಯಿಯ ಹಾಗೆ, ಒಬ್ಬರ ಮನೆಯದು ಇನ್ನೊಬ್ಬರಿಗೆ ಹೋಗುತ್ತದೆ. ಅಮ್ಮ ನುಂಗಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ನನಗೆ ಇದು ಗೊತ್ತಾದದ್ದು ಆಮೇಲೆ.

ಕರೆಂಟು ಹೋಯಿತು. ನಾನು ಮೇಣದಬತ್ತಿ ಹಚ್ಚಿಕೊಂಡು ದೊಡ್ಡಮ್ಮನ ಕೋಣೆಯಲ್ಲಿ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಅವಳ ಮಂಚದಿಂದ ನೋಡಿದರೆ ಬಾಗಿಲಾಚೆ ಅಮ್ಮನ ಚಾಪೆ ಕಾಣುತ್ತದೆ. ದೊಡ್ಡಮ್ಮ ಗಂಜಿಯ ಲೋಟ ತಳ್ಳಿ ಕತ್ತು ಎತ್ತಿದಳು.

"ನಿಮ್ಮಮ್ಮನ ಪಕ್ಕ ಕೂತಿರೋಳು ಯಾರೇ?"

ನಾನು ತಿರುಗಿ ನೋಡಿದೆ. ಯಾರೂ ಇಲ್ಲ... ಕತ್ತಲು, ಅಮ್ಮನ ಕಾಲು, ಅಷ್ಟೇ.

"ಯಾರೂ ಇಲ್ಲ ಸುಮ್ನಿರು. ಈಗ ಏರ್ತು ನೋಡು ನಿನ್ ಮಾತ್ರೆ" ಅಂತ ನಕ್ಕೆ.

"ಬಾಯಲ್ಲಿ ಹೊಗೆಸೊಪ್ಪು ಇಟ್ಕೊಂಡವ್ಳೆ. ಗೌರೀನ ಅಲ್ಲಾಡಿಸ್ತಾವ್ಳೆ" ಅಂದಳು ದೊಡ್ಡಮ್ಮ. ಧ್ವನಿಯಲ್ಲಿ ಹೆದರಿಕೆಯಿರಲಿಲ್ಲ.

ಲೋಟ ಇಟ್ಟು ಬರುತ್ತೇನೆ ಅಂತ ಎದ್ದೆ. ಹೊಸಿಲ ಹತ್ತಿರ ಬಂದಾಗ ವಾಸನೆ ಬಂತು. ಸುಣ್ಣ ಹಚ್ಚಿ ತಿಕ್ಕಿದ ಹಸಿ ಹೊಗೆಸೊಪ್ಪಿನ ವಾಸನೆ... ನಮ್ಮ ಮನೆಯಲ್ಲಿ ಹೊಗೆಸೊಪ್ಪು ಹಾಕುವವರು ಯಾರೂ ಇಲ್ಲ.

ಮೇಣದಬತ್ತಿ ಅಮ್ಮನ ಮುಖದ ಹತ್ತಿರ ಹಿಡಿದೆ. ತುಟಿ ನೀಲಿ. ಕೈ ಮುಟ್ಟಿದರೆ ತಣ್ಣಗೆ. ಅಮ್ಮಾ ಅಂತ ಕೂಗಿದೆ. ಎದೆ ಏಳಲಿಲ್ಲ.

ನನ್ನ ಕೂಗಿಗೆ ಪಕ್ಕದ ಮನೆಯ ಶಿವಣ್ಣ ಓಡಿ ಬಂದ, ಅವನ ಹಿಂದೆ ನಾಲ್ಕಾರು ಜನ. ಯಾರೋ ಬೀದಿ ಕೊನೆಯ ಅಯ್ಯನವರನ್ನೂ ಕರೆತಂದರು. ನಮ್ಮ ಪೈಕಿ ಹುಟ್ಟಿಗೂ ಸಾವಿಗೂ ಅವರೇ ಬರಬೇಕು. ಅವರು ಹತ್ತಿಯ ಎಳೆ ಮೂಗಿನ ಹತ್ತಿರ ಹಿಡಿದರು. ಎಳೆ ಅಲ್ಲಾಡಲಿಲ್ಲ. ನಾಡಿ ಹಿಡಿದು ತಲೆ ಆಡಿಸಿದರು.

"ಲಿಂಗೈಕ್ಯ ಆದ್ರು ಕಣವ್ವ. ಮೈ ಸೆಟ್ಕೊಳ್ಳೋಕ್ ಮುಂಚೆ ಕೂರಿಸ್ಬುಡಿ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ರಾತ್ರಿಯೆಲ್ಲ ಭಜನೆ, ಮಾರನೆಯ ದಿನ ಸಮಾಧಿಯಲ್ಲೂ ಕೂತ ಹಾಗೆಯೇ. ಇಬ್ಬರು ಅಮ್ಮನ ಕಂಕುಳಿಗೆ ಕೈಕೊಟ್ಟು ಎತ್ತಿದರು. ಒಬ್ಬರು ವಿಭೂತಿ ಕಲೆಸತೊಡಗಿದರು. ಕತ್ತು ನಿಲ್ಲದೆ ಮುಂದಕ್ಕೆ ಬಾಗುತ್ತಿತ್ತು, ಒಂದು ಪಂಚೆಯಿಂದ ಹಣೆಯನ್ನು ಗೋಡೆಯ ಗೂಟಕ್ಕೆ ಕಟ್ಟಿದರು. ನಾನು ನೋಡುತ್ತಾ ನಿಂತಿದ್ದೆ, ಅಳುವೂ ಬರಲಿಲ್ಲ.

ಆಗ ಒಳಗಿನಿಂದ ದೊಡ್ಡಮ್ಮ ನನ್ನ ಹೆಸರು ಹಿಡಿದು ಕೂಗಿದಳು.

"ಶೋಭಾ... ಆ ಹೆಂಗ್ಸು ಇನ್ನೂ ಬಿಟ್ಟಿಲ್ಲ ಕಣೆ. ಭುಜ ಹಿಡ್ಕಂಡು 'ಉಸ್ರೆಳಿ, ಉಸ್ರೆಳಿ' ಅಂತವ್ಳೆ."

ವಿಭೂತಿ ಕಲೆಸುತ್ತಿದ್ದ ಕೈ ನಿಂತಿತು. ದೊಡ್ಡಮ್ಮ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು.

"ಸತ್ತೋರಿಗೆ ಯಾರಾದ್ರೂ ಹಂಗಂತಾರಾ?"

ನನಗೆ ಏನಾಯಿತೋ ಗೊತ್ತಿಲ್ಲ. ಎಲ್ಲರನ್ನೂ ತಳ್ಳಿಕೊಂಡು ಹೋಗಿ ಅಮ್ಮನ ಭುಜ ಹಿಡಿದು ಜಗ್ಗಿದೆ. ಉಸಿರೆಳಿ ಅಮ್ಮಾ ಅಂತ ಕಿವಿಯಲ್ಲಿ ಕೂಗಿದೆ.

"ಬುಡವ್ವ, ಅವರಿಗ್ಯಾಕೆ ಹಿಂಸೆ" ಅಂದರು ಅಯ್ಯನವರು.

ಮತ್ತೆ ಕೂಗಿದೆ. ಎಷ್ಟು ಹೊತ್ತು ಕಳೆಯಿತೋ... ಆಮೇಲೆ ಗಂಟಲೊಳಗಿಂದ ಗೊರ್ ಅಂತ ಒಂದು ಉಸಿರು ಬಂತು. ಪಂಚೆ ಕಟ್ಟಿದವನು ಶಿವ ಶಿವಾ ಅಂತ ಹಿಂದಕ್ಕೆ ಬಿದ್ದ.

ಶಿವಣ್ಣನಿಗೆ ಕೊಬ್ಬರಿ ಸಾಗಿಸುವ ಟೆಂಪೋ ಇತ್ತು. ಚೀಲಗಳ ನಡುವೆ ಅಮ್ಮನನ್ನು ಒರಗಿಸಿಕೊಂಡು ತುಮಕೂರಿಗೆ ಹೊರಟೆವು. ಹಿಂದೆ ನಾನು ಮತ್ತು ಅಮ್ಮ ಇಬ್ಬರೇ. ಅಲ್ಲಾಡಿಸಿ ಹೇಳಿದರೆ ಒಂದು ಉಸಿರು. ಬಿಟ್ಟರೆ ಇಲ್ಲ. ಮತ್ತೆ ಅಲ್ಲಾಡಿಸಬೇಕು, ಮತ್ತೆ ಹೇಳಬೇಕು. ತಾಯಿಯ ಉಸಿರು ಮಗಳ ಬಾಯಿಮಾತಿನ ಮೇಲೆ ನಿಂತದ್ದನ್ನು ಯಾರೂ ನೋಡಬಾರದು.

ಗುಬ್ಬಿ ದಾಟಿ ಸ್ವಲ್ಪ ದೂರಕ್ಕೆ ನನ್ನ ಕೈ ಸೋತಿತು. ಕಣ್ಣಿಗೆ ಇಳಿದ ಬೆವರು ಒರೆಸಿಕೊಳ್ಳಲು ಎರಡೂ ಕೈ ಬಿಟ್ಟೆ. ಒಂದು ಗಳಿಗೆ, ಅಷ್ಟೇ.

ಅಮ್ಮನ ಭುಜ ಅಲ್ಲಾಡುತ್ತಲೇ ಇತ್ತು...

ರಸ್ತೆಯ ಹಳ್ಳ ಅಂದುಕೊಂಡೆ. ಹಾಗೆಯೇ ಅಂದುಕೊಳ್ಳಬೇಕಿತ್ತು. ಆದರೆ ಅಲ್ಲಾಡುತ್ತಿದ್ದದ್ದು ಎಡಭುಜ ಮಾತ್ರ. ಕೊಬ್ಬರಿಯ ಕಮಟು ವಾಸನೆಯ ನಡುವೆ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಅಮ್ಮನ ಬಲಭುಜ ಹಿಡಿದುಕೊಂಡು ನನ್ನ ಪಾಲಿನ ಮಾತು ಹೇಳುತ್ತಾ ಹೋದೆ.

ಆಸ್ಪತ್ರೆಯಲ್ಲಿದ್ದ ಲೇಡಿ ಡಾಕ್ಟರು ಅಮ್ಮನ ಕಣ್ಣಿಗೆ ಟಾರ್ಚ್ ಬಿಟ್ಟ ಕೂಡಲೇ ಏನು ನುಂಗಿದ್ದಾರೆ ಅಂತ ಕೇಳಿದರು. ಗೌರಿಗೆ ಇದರಲ್ಲಿ ಎರಡು ಕೊಟ್ಟಿದ್ದೆ ಅಂತ ಹೊರಡುವಾಗ ದೊಡ್ಡಮ್ಮ ಹೇಳಿದ್ದಕ್ಕೆ ಶಿವಣ್ಣ ಅವಳ ಮಾತ್ರೆಯ ಹಾಳೆಯನ್ನು ಜೇಬಿಗೆ ಹಾಕಿಕೊಂಡಿದ್ದನಂತೆ, ಅದನ್ನೇ ತೋರಿಸಿದ. ಒಂದು ಇಂಜೆಕ್ಷನ್ ಕೊಟ್ಟರು. ನೋಡುನೋಡುತ್ತಿದ್ದ ಹಾಗೆ ಅಮ್ಮ ದೀರ್ಘವಾಗಿ ಉಸಿರೆಳೆದುಕೊಂಡು ಕಣ್ಣು ಬಿಟ್ಟಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

"ಅಲ್ಲಾಡಿಸಿ ಉಸಿರು ಎಳ್ಕೊಳ್ಳೋ ಹಾಗೆ ಮಾಡಿದ್ದಕ್ಕೇ ಉಳಿದ್ರು. ಯಾರು ಹೇಳ್ಕೊಟ್ರು ನಿಮಗೆ?" ಅಂತ ಕೇಳಿದರು ಡಾಕ್ಟರು.

ನಮ್ಮ ದೊಡ್ಡಮ್ಮ ಅಂದೆ. ಅವಳೂ ಇದೇ ಮಾತ್ರೆ ತಿನ್ನುತ್ತಾಳೆ, ಅಮಲಿನಲ್ಲಿ ಯಾರನ್ನೋ ಕಂಡಳು ಅಂತ ಎಲ್ಲ ಹೇಳಿದೆ. ದಿನಾ ತಿಂದರೂ ಅವಳಿಗೆ ನೋವು ಹೋಗದು, ನಿದ್ದೆಯೂ ಬರದು ಅಂತಲೂ ಹೇಳಿದೆ.

ಅವರು ಮಾತ್ರೆಯ ಹಾಳೆಯನ್ನು ಮತ್ತೆ ತಿರುಗಿಸಿ ನೋಡಿದರು. "ಈ ಮಾತ್ರೆ ಮೈಯೊಳಗೆ ಹೋಗಿ ಮಾರ್ಫಿನ್ ಆಗ್ಬೇಕಮ್ಮ, ಆವಾಗ್ಲೇ ಕೆಲಸ ಮಾಡೋದು. ನಿಮ್ಮಮ್ಮನ ಮೈ ಅದನ್ನ ಬೇಗ ಬೇಗ ಜಾಸ್ತಿ ಮಾಡ್ಕೊಂಡಿರಬೇಕು. ನಿಮ್ಮ ದೊಡ್ಡಮ್ಮನ ಮೈ ಮಾಡ್ಕೊಳ್ಳೋದೇ ಇಲ್ಲ ಅನ್ಸತ್ತೆ. ಪಾಪ, ಇಷ್ಟು ದಿನ ಬರೀ ನೋವು ತಿಂದಿದಾರೆ. ಅವರಿಗೆ ಬೇರೆ ಮಾತ್ರೆ ಬೇಕು."

"ಒಂದೇ ತಾಯಿ ಮಕ್ಕಳು ಡಾಕ್ಟ್ರೇ."

"ಅಕ್ಕ-ತಂಗಿ ಆದ್ರೂ ಮೈ ಒಂದೇ ಥರ ಇರ್ಬೇಕು ಅಂತೇನಿಲ್ಲ."

"ಹಂಗಾದ್ರೆ ನಮ್ ದೊಡ್ಡಮ್ಮ ನೋಡಿದ್ದು..."

"ಆ ಮಾತ್ರೆಯಿಂದ ಅಂತ ನಾನು ಹೇಳಲಾರೆ" ಅಂದರು. "ಅವರಿಗೆ ಅದು ಹತ್ತೇ ಇಲ್ವಲ್ಲ."

ಮಾತ್ರೆ ಏರ್ತು ಅಂತ ದೊಡ್ಡಮ್ಮನಿಗೆ ನಕ್ಕಿದ್ದೆನಲ್ಲ, ಆ ನಗು ಅಲ್ಲಿಗೆ ಮುಗಿಯಿತು. ಅಷ್ಟು ಹೊತ್ತು ನಾನು ಹಿಡಿದುಕೊಂಡಿದ್ದದ್ದೇ ಅದೊಂದನ್ನು, ಎಲ್ಲ ಮಾತ್ರೆಯ ಆಟ ಅನ್ನುವುದನ್ನು.

ಎರಡು ದಿನ ಬಿಟ್ಟು ಅಮ್ಮ ಮನೆಗೆ ಬಂದಳು. ತಲೆ ಬಾಚುತ್ತಾ ಏನಾದರೂ ನೆನಪಿದೆಯಾ ಅಂತ ಕೇಳಿದೆ.

"ನೀನು ಕೂಗಿದ್ದು ಕೇಳ್ತಿತ್ತು ಕಣೆ. ನೀನು ಆಮೇಲೆ ಬಂದೆ. ಅದಕ್ ಮುಂಚಿಂದ ಇನ್ನೊಬ್ಳು ಇದ್ಲು. ಮಲಗಾಕೇ ಬಿಡ್ಲಿಲ್ಲ, ಅಷ್ಟು ಚೆನ್ನಾಗಿ ನಿದ್ದೆ ಬರ್ತಿತ್ತು" ಅಂದಳು. ಆಮೇಲೆ ಮುಖ ಕಿವುಚಿದಳು. "ಬಾಯಿ ವಾಸ್ನೆ. ಹೊಗೆಸೊಪ್ಪು."

ದೊಡ್ಡಮ್ಮ ತಾನು ಕಂಡದ್ದನ್ನು ಅಮ್ಮನಿಗೆ ಹೇಳಿರಲಿಲ್ಲ, ಹೇಳಬೇಡ ಅಂತ ನಾನೇ ಆಣೆ ಹಾಕಿಸಿಕೊಂಡಿದ್ದೆ. ಆ ಹೊಗೆಸೊಪ್ಪಿನವಳು ಯಾರು, ಆ ಮನೆಯಲ್ಲಿ ಹಿಂದೆ ಇದ್ದವಳೋ, ನಮ್ಮ ಪೈಕಿಯವಳೋ, ಎಷ್ಟು ಜನರನ್ನು ವಿಚಾರಿಸಿದರೂ ತಿಳಿಯಲಿಲ್ಲ. ಅಮ್ಮ, ದೊಡ್ಡಮ್ಮ ಇಬ್ಬರೂ ಈಗಿಲ್ಲ. ವಯಸ್ಸಾಗಿ, ಹೋಗಬೇಕಾದ ಕಾಲಕ್ಕೆ ಹೋದರು.

ಕಳೆದ ವರ್ಷ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ನೋವಿಗೆ ಅಂತ ಇದೇ ಜಾತಿಯ ಮಾತ್ರೆ ಬರೆದರು. ಬೇಡ ಅಂದೆ. ಗಂಡ ಬೈದರು, ಮಕ್ಕಳು ಬೈದರು. ನನ್ನದು ಅಮ್ಮನ ಮೈಯೋ, ದೊಡ್ಡಮ್ಮನ ಮೈಯೋ, ನುಂಗದೆ ಹೇಗೆ ಗೊತ್ತಾಗಬೇಕು? ಹಲ್ಲು ಕಚ್ಚಿಕೊಂಡು ಎಚ್ಚರವಾಗಿಯೇ ಮಲಗಿದ್ದೆ. ಮೊದಮೊದಲು ಹೆದರಿಕೆಯಿದ್ದದ್ದು ನನಗೂ ಆ ನಿದ್ದೆ ಹತ್ತಿ, ಅವಳು ಬಂದು ಪಕ್ಕದಲ್ಲಿ ಕೂತರೆ ಅಂತ. ನಡುರಾತ್ರಿ ದಾಟಿದ ಮೇಲೆ ಬೇರೆಯೇ ಯೋಚನೆ ಬಂತು, ಅದು ಇವತ್ತಿಗೂ ಬಿಟ್ಟಿಲ್ಲ... ನಿದ್ದೆ ಹತ್ತಿ, ಅವಳು ಬರದೇ ಹೋದರೆ?