ಗುಂಯ್‌ಗುಡುವ ಪೆಟ್ಟಿಗೆ ಮತ್ತು ಮೂಡಲಗಿಯ ಗಂಡ-ಹೆಂಡತಿ

ಕಳೆದ ರವಿವಾರ ಮೂಡಲಗಿಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೈಗೆ ಫಟ್ಟನೆ ಬಾರಿಸಿದರು.

ಸಣ್ಣ ಪೆಟ್ಟಲ್ಲ. ಮಣಿಕಟ್ಟು ಸಂಜೆವರೆಗೂ ಕೆಂಪಗಿತ್ತು. ನನಗೀಗ ಐವತ್ತೆರಡು ವರ್ಷ, ಗೋಕಾಕದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹೀಗೆ ಪೆಟ್ಟು ತಿಂದದ್ದು ಮೂರನೇ ಇಯತ್ತೆಯಲ್ಲೇ ಕೊನೆ. ಆದರೂ ಈ ಇಡೀ ವಾರ ಆ ಹೆಣ್ಣುಮಗಳಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೇನೆ. ಯಾಕೆ ಅಂತ ಕೇಳುತ್ತೀರಾ? (ಕೇಳದಿದ್ದರೂ ಹೇಳುವವನೇ ನಾನು. ನಿಮಗೆ ಅಭ್ಯಾಸವಾಗಿದೆ.)

ಎರಡು ತಿಂಗಳ ಹಿಂದೆ ಹುಕ್ಕೇರಿಗೆ ಹೋಗಿದ್ದೆ. ಅಲ್ಲಿ ನನ್ನ ಗಿಟಾರ್ ಗುರುಗಳಿದ್ದಾರೆ, ವಸಂತ ಮಾಸ್ತರರು. ಸಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತ, ರಜೆಯಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತ ಬದುಕಿದವರು. ಹದಿನಾರರ ವಯಸ್ಸಿನಲ್ಲಿ ನಾನು ವಾರಕ್ಕೊಮ್ಮೆ ಗೋಕಾಕದಿಂದ ಬಸ್ ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ಪಾಠ ಕಲಿಸಿ, ಊಟ ಹಾಕಿ, ಬಸ್ ಬರುವವರೆಗೂ ಸ್ಟ್ಯಾಂಡಿನಲ್ಲಿ ಜೊತೆಗೆ ನಿಂತಿರುತ್ತಿದ್ದರು.

ಈಗ ಅವರಿಗೆ ಎಂಬತ್ತರ ಸಮೀಪ. ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಆಂಪ್ಲಿಫೈಯರ್ ತೋರಿಸಿ, "ಇದನ್ನ ನೀನ ಒಯ್ಯಿ" ಅಂದರು.

ಗಿಟಾರಿನ ಸಣ್ಣ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ ಅದು. ಈಗಿನ ಕಾಲದ್ದಲ್ಲ. ಒಳಗೆ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾಯಬೇಕು. ವಾಲ್ವ್‌ಗಳು ಕೆಂಡದ ಬಣ್ಣಕ್ಕೆ ಬಂದ ಮೇಲೆ ತಂತಿ ಮೀಟಿದರೆ ಆಹಾ! ಒಲೆಯಿಂದ ಈಗಷ್ಟೇ ಇಳಿಸಿದ ಬೆಲ್ಲದ ಪಾಕದ ಹಾಗೆ, ಬಿಸಿಬಿಸಿ, ಮಂದ ದನಿ.

"ಒಂದ ಖೋಡಿ ಗುಣ ಐತಿ ನೋಡು," ಮಾಸ್ತರರು ಎಚ್ಚರಿಸಿದರು. "ಗುಂಯ್ ಅಂತೈತಿ. ಮೊದಲ ಸಣ್ಣಗ ಅಂತಿತ್ತು. ಬರಬರತ ಗಿಟಾರಿಗಿಂತ ಅದರದ ಜೋರಾತು. ಅದಕ್ಕ ನುಡಸೂದ ಬಿಟ್ಟೆ."

"ಬಿಟ್ಟು ಎಷ್ಟ ವರ್ಷ ಆತ್ರಿ ಸರ್?"

"ಎಂಟೊಂಬತ್ತ ಆಗಿರಬೇಕು."

ವಯಸ್ಸಾಯಿತಲ್ಲ, ಅದಕ್ಕೇ ಗಿಟಾರ್ ಬಿಟ್ಟಿದ್ದಾರೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಒಮ್ಮೆಯೂ ಕೇಳಿರಲಿಲ್ಲ. "ರಿಪೇರಿ ಮಾಡಿಸಿ ನಿಮ್ಮ ಮುಂದನ ತಂದ ಇಡ್ತೇನ್ರಿ" ಎಂದು ಮಾತು ಕೊಟ್ಟೆ.

"ಮಾಡಿಸಿ" ಎಂದಿದ್ದೆ. ಗೋಕಾಕ ತಲುಪುವ ಹೊತ್ತಿಗೆ ಅದು "ಮಾಡಿ" ಆಗಿತ್ತು! ಮೊಬೈಲಿನ ತುಂಬ ವಿಡಿಯೋಗಳಿಲ್ಲವೇ? ಸಾಮ್ರಾಜ್ಯಗಳ ಪತನಕ್ಕೆ ಹತ್ತು ಕಾರಣ ಹೇಳುವವನಿಗೆ ಒಂದು ಗುಂಯ್‌ನ ಕಾರಣ ಸಿಗಲಾರದೇ?

ಕೇಬಲ್ ಬದಲಾಯಿಸಿದೆ. ಗುಂಯ್. ಫ್ರಿಜ್ ಬಂದ್ ಮಾಡಿದೆ. ಗುಂಯ್. (ಹಾಲು ಒಡೆಯಿತು, ಆ ಮಾತು ಬೇರೆ.) ಟ್ಯೂಬ್‌ಲೈಟ್, ಫ್ಯಾನ್, ವೈಫೈ ಎಲ್ಲ ಬಂದ್ ಮಾಡಿ ಮನೆಯವರನ್ನು ಬೆವರಿನಲ್ಲಿ ಕೂರಿಸಿದೆ. ಗುಂಯ್. "ಪೆಟ್ಟಿಗಿ ಗುಂಯ್ ಅನ್ನೂದ ತಡಕೊಂಡೇನು, ನಿಮ್ಮ ಗುಣುಗುಣು ತಡಕೊಳ್ಳಾಕ ಆಗವಲ್ದು" ಎಂದಳು ಹೆಂಡತಿ.

ಕೊನೆಗೆ ಯಾರೋ ಪುಣ್ಯಾತ್ಮ ವಿಡಿಯೋದಲ್ಲಿ ಹೇಳಿದ: ಪ್ಲಗ್ಗಿನ ಮೂರನೇ ಪಿನ್, ಅರ್ಥಿಂಗಿನದು, ಅದನ್ನು ಕತ್ತರಿಸಿಬಿಡಿ. ಹ್ಯಾಕ್ಸಾ ಬ್ಲೇಡ್ ತಂದು ಕೊಯ್ದೇಬಿಟ್ಟೆ. ಗುಂಯ್ ತುಸು ಕಡಿಮೆಯಾದಂತೆ ಕೇಳಿಸಿತು. ಆಸೆಗೂ ಕಿವಿಗಳಿರುತ್ತವಲ್ಲ! ಗಿಟಾರಿನ ತಂತಿ ಮುಟ್ಟಿದರೆ ಬೆರಳು ಚುಮುಚುಮು ಅನ್ನುತ್ತಿತ್ತು. ಹಳೇ ಪೆಟ್ಟಿಗೆ, ಇದ್ದದ್ದೇ ಎಂದುಕೊಂಡು ಸುಮ್ಮನಾದೆ. ಎರಡು ದಿನಕ್ಕೆ ಗುಂಯ್ ಮೊದಲಿನಷ್ಟೇ ಜೋರು ಎಂದು ಒಪ್ಪಿಕೊಳ್ಳಬೇಕಾಯಿತು.

ನನ್ನ ಮುಖ ನೋಡಲಾರದೆ ಅಂಕಲಗಿಯಿಂದ ಬರುವ ಸಹೋದ್ಯೋಗಿಯೊಬ್ಬರು ದಾರಿ ತೋರಿಸಿದರು. "ಮೂಡಲಗ್ಯಾಗ ಲಗಮಪ್ಪ ಅಂತ ಅದಾರ. ಈಗ ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಮಾಡ್ತಾರ, ಮೊದಲ ವಾಲ್ವ್ ರೇಡಿಯೋ ಮಾಡತಿದ್ರು. ಒಮ್ಮಿ ತೋರಸ್ರಿ."

ರವಿವಾರ ಬೆಳಿಗ್ಗೆ ಪೆಟ್ಟಿಗೆ, ಗಿಟಾರ್ ಎರಡನ್ನೂ ಹೊತ್ತು ಹೋದೆ. ಅಂಗಡಿ ತುಂಬ ಕಬ್ಬಿನ ಹೊಲಗಳಿಂದ ಬಂದ ಮೋಟರ್‌ಗಳು, ತಾಮ್ರದ ತಂತಿಯ ಉಂಡೆಗಳು, ವಾರ್ನಿಶ್ ವಾಸನೆ. ಖುರ್ಚಿಯಲ್ಲಿ ಲಗಮಪ್ಪ, ಅರವತ್ತು ದಾಟಿದವರು. ನೆಲದ ಮೇಲೆ ಕುಳಿತು ತಂತಿ ಸುತ್ತುತ್ತಿದ್ದವರು ಅವರ ಹೆಂಡತಿ ನೀಲವ್ವ. ನಾನು ಪೆಟ್ಟಿಗೆಯನ್ನು ಲಗಮಪ್ಪನವರ ಮುಂದಿಟ್ಟೆ.

"ಆಕಿ ಮುಂದ ಇಡ್ರಿ," ಅವರು ನಕ್ಕರು. "ನಾ ಬರೇ ಕೇಳಾಂವ."

ನೀಲವ್ವ ಮೊದಲು ನೋಡಿದ್ದೇ ಪ್ಲಗ್ಗನ್ನು. "ಈ ಪಿನ್ ಯಾರ ಕೊಯ್ದಾರ್ರಿ ಸರ್?"

"ಗೊತ್ತಿಲ್ರಿ ಅಕ್ಕಾರ, ಮೊದಲಿಂದ ಹಂಗ ಐತಿ" ಎಂದೆ.

ಸುಳ್ಳು. ಸಲೀಸಾಗಿ ಬಾಯಿಗೆ ಬಂತು. ಆಕೆ ಹೊಸ ಮೂರು ಪಿನ್ನಿನ ಪ್ಲಗ್ ಜೋಡಿಸಿ, ನನ್ನ ಗಿಟಾರ್ ಸಿಕ್ಕಿಸಿ ಸ್ವಿಚ್ ಹಾಕಿದರು. ಪೆಟ್ಟಿಗೆ ಬಿಸಿಯಾಗಿ ಗುಂಯ್ ಎಂದಿತು. ಲಗಮಪ್ಪ ಕಣ್ಣು ಮುಚ್ಚಿದರು.

"ಗಿಟಾರ್ ಕೀಳ್ರಿ." ಕಿತ್ತೆ. ಗುಂಯ್ ಹಾಗೇ ಇತ್ತು.

"ವಾಲ್ಯೂಮ್ ಪೂರಾ ಇಳಸ್ರಿ. ಕಡಿಮಿ ಆತೇನು?"

"ಇಲ್ರಿ."

"ಅಂದ್ರ ಗಿಟಾರಿಂದ ತಪ್ಪಿಲ್ಲ, ಕೇಬಲ್ಲಿಂದೂ ತಪ್ಪಿಲ್ಲ." ಹೆಂಡತಿಯತ್ತ ತಿರುಗಿ, "ಮುಂದಿನ ಸಣ್ಣ ವಾಲ್ವ್ ತಗದ ನೋಡು" ಎಂದರು. ಆಕೆ ಬಂದ್ ಮಾಡಿ ಒಂದು ವಾಲ್ವ್ ತೆಗೆದು ಮತ್ತೆ ಚಾಲೂ ಮಾಡಿದರು. ಗುಂಯ್ ಹೋಗಲಿಲ್ಲ. ಇನ್ನೊಂದು ತೆಗೆದರು. ಆಗಲೂ ಇಲ್ಲ.

"ಪವರ್ ಸಪ್ಲೈದಾಗಿನ ಕಂಡೆನ್ಸರ್ ಒಣಗ್ಯಾವ್ರಿ," ಲಗಮಪ್ಪ ಕಣ್ಣು ತೆರೆದರು. "ಕರೆಂಟ ದಬಕ್ ದಬಕ್ ಅಂತ ಬರತೈತಿ, ಬೋರಿನ ನೀರ ಬಂದಂಗ. ಕಂಡೆನ್ಸರ್ ಅಂದ್ರ ಮಾಳಗಿ ಮ್ಯಾಲಿನ ಟಾಕಿ ಇದ್ದಂಗ. ಅಲ್ಲಿ ತುಂಬಿ, ನಳದಾಗ ಸಮ ಆಗಿ ಬರತೈತಿ. ಟಾಕಿ ಕೆಟ್ರ ನಳಾನೂ ದಬಕ್ ದಬಕ್. ಅದನ್ನ ನೀವ ಗುಂಯ್ ಅಂತ ಕೇಳಾಕತ್ತೀರಿ."

ಎರಡು ತಿಂಗಳ ನನ್ನ ಸಂಶೋಧನೆ ಐದು ನಿಮಿಷದಲ್ಲಿ ಮುಗಿಯಿತು!

ನೀಲವ್ವ ಉಳಿದ ವಾಲ್ವ್‌ಗಳನ್ನೂ ತೆಗೆದು, ಒಮ್ಮೆ ಚಾಲೂ ಮಾಡಿ ಟ್ರಾನ್ಸ್‌ಫಾರ್ಮರ್ ಸರಿ ಇದೆಯೇ ಎಂದು ನೋಡಿ, ಪ್ಲಗ್ ಕಿತ್ತರು. ಪೆಟ್ಟಿಗೆಯನ್ನು ಬೋರಲು ಹಾಕಿದರು. ತಂತಿಗಳ ನಡುವೆ ಒಂದು ಕಂಡೆನ್ಸರ್ ಉಬ್ಬಿಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು. ಮೇಷ್ಟರ ಚಟ, ತೋರಿಸದೆ ಇರಲಾಗಲಿಲ್ಲ. "ಇದ ಅಲ್ಲೇನ್ರಿ?" ಎಂದು ಬೆರಳು ಚಾಚಿದೆ.

ಫಟ್!

"ಜೀವ ಬ್ಯಾಡಾಗೈತೇನ್ರಿ?"

"ಪ್ಲಗ್ ಕಿತ್ತೀರೆಲ್ರಿ..."

"ಕಿತ್ರ ಏನಾತು? ಅದರ ಹೊಟ್ಯಾಗ ಇನ್ನೂ ಕುಂತೈತಿ."

ಮೀಟರ್ ಹಚ್ಚಿ ತೋರಿಸಿದರು. ಗೋಡೆಗೂ ಪೆಟ್ಟಿಗೆಗೂ ಸಂಬಂಧವೇ ಇಲ್ಲ. ಆದರೂ ಮುನ್ನೂರು ವೋಲ್ಟಿನ ಮೇಲೆ! ಆಮೇಲೆ ವೈರು ಕಟ್ಟಿದ ಬಲ್ಬೊಂದನ್ನು ಅದಕ್ಕೆ ತಾಗಿಸಿದರು. ಬಲ್ಬು ಒಮ್ಮೆ ಭಗ್ಗನೆ ಹೊತ್ತಿ ಆರಿತು. ಅದು ನನ್ನ ಮೈಯೊಳಗೆ ಹೊತ್ತಬೇಕಾಗಿದ್ದ ಬೆಳಕು. ನಾನು ಅಲ್ಲೇ ಇದ್ದ ಮೋಟರೊಂದರ ಮೇಲೆ ಕುಳಿತುಬಿಟ್ಟೆ.

ಆಗ ಲಗಮಪ್ಪ ತೊಡೆಯ ಮೇಲಿದ್ದ ಬಲಗೈ ಎತ್ತಿ ತೋರಿಸಿದರು. ಎರಡು ಬೆರಳು ಮಡಚುವುದಿಲ್ಲ. ಹಿಂದೊಮ್ಮೆ ಇಂಥದ್ದೇ ವಾಲ್ವ್ ಪೆಟ್ಟಿಗೆ, ಹೀಗೆಯೇ ಪ್ಲಗ್ ಕಿತ್ತು ಕೈ ಹಾಕಿದ್ದರಂತೆ. ಶಾಕ್ ಹೊಡೆದು ಎಗರಿಬಿದ್ದ ರಭಸಕ್ಕೆ ಕೈ ಗಾಜಿನ ಕಪಾಟಿನೊಳಗೆ ನುಗ್ಗಿ ನರಗಳು ಕೊಯ್ದುಹೋದವು.

"ಆವತ್ತ ನನ್ನ ಕೈಗೆ ಹೊಡ್ಯಾಕ ಬಾಜೂಕ ಯಾರೂ ಇರಲಿಲ್ರಿ" ಎಂದರು.

ಕೈ ಹೋಗಿ ಅಂಗಡಿ ಮುಚ್ಚುವ ಹಂತಕ್ಕೆ ಬಂದಾಗ, ಅಲ್ಲಿಯವರೆಗೆ ಬುತ್ತಿಯಷ್ಟೇ ತರುತ್ತಿದ್ದ ನೀಲವ್ವ ಕೆಲಸಕ್ಕೇ ಕುಳಿತರಂತೆ. ಗಂಡ ಬಾಯಲ್ಲಿ ಹೇಳುವುದು, ಹೆಂಡತಿ ಕೈಯಲ್ಲಿ ಮಾಡುವುದು. ಹಾಗೆ ಕಲಿತದ್ದು. "ಮೊದಲ ನಾ ಹೇಳತಿದ್ದೆ, ಆಕಿ ಮಾಡತಿದ್ಲು. ಈಗ ಹೇಳಾಕೀನೂ ಆಕೀನ" ಎಂದು ಲಗಮಪ್ಪ ನಕ್ಕರು. ನೀಲವ್ವ ತಲೆ ಎತ್ತಲಿಲ್ಲ, ಆದರೆ ತುಟಿಯಂಚಿನಲ್ಲಿ ನಗು ಇತ್ತು.

ಇಷ್ಟಾದ ಮೇಲೆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದು ಹೇಗೆ? "ಅಕ್ಕಾರ, ಆ ಪಿನ್ ಕೊಯ್ದಾಂವ ನಾನ ರೀ."

"ಗೊತ್ತೈತ್ರಿ," ಆಕೆ ಕಾವೇರಿದ ಸೋಲ್ಡರಿಂಗ್ ಕಡ್ಡಿ ಕೈಗೆತ್ತಿಕೊಂಡರು. "ಕೊಯ್ದ ಹಿತ್ತಾಳಿ ಇನ್ನೂ ಥಳಥಳ ಅನ್ನಾಕತ್ತೈತಿ. ಆ ಪಿನ್ ಇಲ್ದ ಗಿಟಾರ್ ಹಿಡಕೊಂಡ ಕುಂತಿದ್ರೆಲ್ಲ, ನಿಮ್ಮ ಮನಿಯವರ ಪುಣ್ಯಾ ದೊಡ್ಡದೈತಿ."

ಹೊಸ ಕಂಡೆನ್ಸರ್‌ಗಳು ಕೂತವು. ವಾಲ್ವ್‌ಗಳು ಮರಳಿದವು. ಸ್ವಿಚ್ ಹಾಕಿದರು. ಅರ್ಧ ನಿಮಿಷ ಕಳೆಯಿತು, ಒಂದು ನಿಮಿಷವೂ ಕಳೆಯಿತು. ಸದ್ದೇ ಇಲ್ಲ. ಕೆಟ್ಟೇಹೋಯಿತೇನೋ ಎಂದು ಹೆದರುತ್ತ ತಂತಿ ಮೀಟಿದೆ. ಅಂಗಡಿಯ ತುಂಬ ಗಿಟಾರ್ ತುಂಬಿಕೊಂಡಿತು.

ಮರುದಿನ ರಜೆ ಹಾಕಿ ಹುಕ್ಕೇರಿಗೆ ಹೋದೆ. ಮಾಸ್ತರರ ಮುಂದೆ ಪೆಟ್ಟಿಗೆ ಇಟ್ಟು ಸ್ವಿಚ್ ಹಾಕಿದೆ. "ಚಾಲೂ ಮಾಡಿಯೇನು?" ಎಂದರು. "ಮಾಡೇನ್ರಿ." ಅವರು ಬಗ್ಗಿ ಸ್ಪೀಕರಿಗೆ ಕಿವಿ ಹಚ್ಚಿದರು. ಗುಂಯ್ ಹುಡುಕಿದರು, ಸಿಗಲಿಲ್ಲ. ನಾನು ಗಿಟಾರನ್ನು ಅವರ ಮಡಿಲಲ್ಲಿಟ್ಟೆ. ಮಾಸ್ತರರು ಯಾವುದೋ ಹಳೆಯ ಮದುವೆ ಹಾಡು ಹಿಡಿದರು. ಬೆರಳು ಎರಡು ಸಲ ದಾರಿ ತಪ್ಪಿತು. ಮೂರನೇ ಸಲ ಹಾಡು ತಾನಾಗಿ ಬಂತು. ಮುಗಿಸಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಸಂಕೋಚದಿಂದ, "ಒಂದ ನಾಕ ದಿನ ಇಲ್ಲೇ ಇರಲಿ ಬಿಡು ಇದು" ಎಂದರು. ನಾಲ್ಕು ದಿನವಲ್ಲ, ನಾಲ್ಕು ವರ್ಷ ಇರಲಿ!

ರಿಪೇರಿ ಮಾಡಿದವರಿಗೆ ನಮಸ್ಕಾರ ಹೇಳಬೇಕು ಎಂದು ಹಟ ಹಿಡಿದರು. ಮೂಡಲಗಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟೆ. ಮಾಸ್ತರರು ಇನ್ನೊಮ್ಮೆ ನುಡಿಸಿದರು. ಆ ಕಡೆ ಲಗಮಪ್ಪ ಪೂರ್ತಿ ಕೇಳಿದರು.

"ಗುಂಯ್ ಏನೂ ಇಲ್ರಿ, ಆದ್ರ ಒಂದ ತಂತಿ ಸುರ್ ಇಳದೈತಿ ಅನಸ್ತೈತ್ರಿ" ಎಂದರು.

ನನಗೆ ಗಾಬರಿ. ಐವತ್ತು ವರ್ಷ ಗಿಟಾರ್ ಹಿಡಿದ ಕೈಗೆ ಮೋಟರ್ ಮೆಕ್ಯಾನಿಕ್ ತಪ್ಪು ತೋರಿಸುವುದೇ? ಮಾಸ್ತರರು ಒಂದೊಂದೇ ತಂತಿ ಮೀಟಿ ನೋಡಿದರು. ಮೂರನೆಯದಕ್ಕೆ ನಿಂತರು. "ಖರೆ ಐತ್ರಿ! ಛಲೋ ಆತ ಹೇಳಿದ್ರಿ" ಎಂದು ಹುಡುಗನಂತೆ ನಗುತ್ತ ಗಿಟಾರಿನ ಕಿವಿ ತಿರುವಿ ತಂತಿ ಬಿಗಿ ಮಾಡಿದರು.

ತಪ್ಪು ತೋರಿಸಿದವರಿಗೆ ಇಷ್ಟು ಖುಷಿಯಿಂದ "ಛಲೋ ಆತು" ಅನ್ನುವುದನ್ನು ಕಲಿಯಲು ನನಗೆ ಇನ್ನೆಷ್ಟು ವರ್ಷ ಬೇಕೋ?