ಆಷಾಢದಲ್ಲಿ ಮನೆ ತೋರಿಸಿದವರು

ನಮ್ಮ ಪುರೋಹಿತರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕರ ಜೊತೆ ಮಾತು ಬಿಟ್ಟಂತೆ ಹೊರಕ್ಕೆ ತಿರುಗಿಕೊಂಡಿತ್ತು. ಯಾರ ಮನೆಗೆ ಹೋದರೂ ಅವರು ಮೊದಲು ದೇವರ ಕಡೆ ನೋಡುತ್ತಿರಲಿಲ್ಲ. ಆ ಬೆರಳನ್ನು ನೆಲಕ್ಕೆ ಒತ್ತಿ, ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಮನೆಯ ಯಜಮಾನನ ಮುಖ ನೋಡುತ್ತಿದ್ದರು. ಆ ನೋಟದಲ್ಲಿ ಗೌರವವಿರುತ್ತಿತ್ತು ಎಂದು ನಾನು ಬರೆದರೆ ಅದು ಶುದ್ಧ ಸುಳ್ಳಾಗುತ್ತದೆ.

ಅವರು ಮೆಚ್ಚಿದ ವಸ್ತುವನ್ನು ನಾನು ಕಂಡವನಲ್ಲ. ಶೃಂಗೇರಿಯ ಪುರೋಹಿತರಿಗೆ ಅವಸರ ಜಾಸ್ತಿ, ನರಸಿಂಹರಾಜಪುರದ ಅಡುಗೆಯವರಿಗೆ ಬೆಲ್ಲದ ಹದ ಗೊತ್ತಿಲ್ಲ, ಕೊಪ್ಪದ ಜನಕ್ಕೆ ಈ ಎರಡೂ ತಪ್ಪೆಂದೇ ತಿಳಿಯುವುದಿಲ್ಲ. ಮೂರು ತಾಲ್ಲೂಕುಗಳ ಬಗ್ಗೆ ಇದು ಅವರ ಅಂತಿಮ ತೀರ್ಪು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಊರಿಗೆ ಮೊಬೈಲು ಬಂದ ಹೊಸತು. ಹೈಸ್ಕೂಲು ಮೇಷ್ಟರಾಗಿದ್ದ ನಾನು ಬಾಡಿಗೆ ಮನೆಗಳಲ್ಲಿ ಹದಿನಾಲ್ಕು ವರ್ಷ ಕಳೆದು, ಒಂದು ಸ್ವಂತ ಮನೆ ಕೊಳ್ಳುವ ಮಹಾಸಂಕಲ್ಪ ಮಾಡಿದ್ದೆ. ನಮ್ಮ ಜನ್ಮಕ್ಕೆ ಒಂದೇ ಮನೆ, ತಪ್ಪಿದರೆ ಇನ್ನೊಂದಿಲ್ಲ. ಎದುರಿಗಿದ್ದದ್ದು ಎರಡು. ಒಂದು, ಪೇಟೆಯೊಳಗೆ ಟೈಲರ್ ಅಂಗಡಿಗೂ ಹೋಟೆಲಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಿದ್ದ ಹಳೆಯ ಮನೆ. ಇನ್ನೊಂದು, ಪೇಟೆ ದಾಟಿ ಎರಡು ಮೈಲಿಯಾಚೆ ಹೊಸ ಬಡಾವಣೆಯಲ್ಲಿ ಗೇಟು, ಗುಲಾಬಿ ಬಣ್ಣ, ಹೊಳೆಯುವ ಟೈಲ್ಸ್ ಎಲ್ಲ ಇದ್ದ ಮನೆ. ಬಡಾವಣೆಯ ಕಮಾನಿನ ಮೇಲೆ, ಇಲ್ಲಿಂದ ಗುಡ್ಡಗಳು ಕಾಣುತ್ತವೆ ಎಂದು ಬರೆಸಿದ್ದರು. ಗುಡ್ಡ ಕಾಣದ ಜಾಗವನ್ನು ದೀಪ ಹಿಡಿದು ಹುಡುಕಬೇಕಾದ ನಮ್ಮ ಸೀಮೆಯಲ್ಲಿ ಇದೊಂದು ವಿಶೇಷ ಸೌಲಭ್ಯ. ಪಾರ್ಕೂ ಇತ್ತು, ಅಲ್ಲೊಂದು ಎಮ್ಮೆ ಕಟ್ಟಿದ್ದರು.

ಆದರೂ ನಾವು ಬಡಾವಣೆಗೇ ಮನಸ್ಸು ಮಾಡಿದೆವು. ನನ್ನ ಹೆಂಡತಿಗೆ ಉಬ್ಬಸ. ಮಳೆಗಾಲ ಬಂತೆಂದರೆ ದಿಂಬು ಎತ್ತರಿಸಿಕೊಂಡು ಕೂತೇ ಬೆಳಗು ಮಾಡುತ್ತಿದ್ದಳು. ಪೇಟೆಯ ಒಗ್ಗರಣೆ ಹೊಗೆಗಿಂತ ಹೊರಗಿನ ಗಾಳಿ ಒಳ್ಳೆಯದೆಂದು ಡಾಕ್ಟರಿಂದ ಹಿಡಿದು ಕ್ಷೌರಿಕನವರೆಗೆ ಎಲ್ಲರೂ ಹೇಳಿದ್ದರು. ರಿಜಿಸ್ಟ್ರಿಗೆ ಶ್ರಾವಣದಲ್ಲೊಂದು ದಿನ ಗೊತ್ತು ಮಾಡಿಕೊಡಿ ಎಂದು ಪುರೋಹಿತರಲ್ಲಿಗೆ ಹೋದೆವು.

"ಮನೆ ನೋಡಿದ್ದು ಯಾವಾಗ?"

"ಯುಗಾದಿ ಕಳೆದ ಮೇಲೆ. ಚೆನ್ನಾಗಿದೆ," ಅಂದೆ.

"ಚೈತ್ರದಲ್ಲಿ ತುಂಗೆಯನ್ನೂ ಪಂಚೆ ಎತ್ತಿ ದಾಟ್ಬಹುದು ಮೇಷ್ಟ್ರೇ. ಹಾಗಂತ ಅಲ್ಲಿ ಮನೆ ಕಟ್ತೀರಾ? ನಾಳೆ ಹೋಗಿ ನೋಡುವ, ನಡೀರಿ."

ನನ್ನ ಹೆಂಡತಿ ಗಾಬರಿಯಾದಳು. "ಇದು ಆಷಾಢ ಅಲ್ವಾ? ಆಷಾಢದಲ್ಲಿ ಮನೆ ವಿಚಾರ ಎತ್ತಬಾರದು ಅಂತ ನೀವೇ ಹೇಳೋದು!"

"ಕೊಳ್ಳಬಾರದು ಅಂತ ಪಂಚಾಂಗದಲ್ಲಿ ಉಂಟು ತಂಗೀ. ನೋಡಬಾರದು ಅಂತ ಇರೋದು ನಿಮ್ಮ ತಲೇಲಿ. ಮನೆ ಮಾರೋನಿಗೆ ಅಷ್ಟೇ ಸಾಕು. ಬೇಸಿಗೆಯಲ್ಲಿ ತೋರಿಸ್ತಾನೆ, ಶ್ರಾವಣದಲ್ಲಿ ಬರೆಸ್ತಾನೆ. ನಡುವೆ ನೆಲ ಎಂತ ಮಾಡ್ತದೆ ಅಂತ ಒಬ್ಬ ಬೃಹಸ್ಪತಿಯೂ ಹೋಗಿ ನೋಡೋದಿಲ್ಲ."

ಮರುದಿನ ಪುನರ್ವಸು ಮಳೆ ಹುಯ್ಯುತ್ತಿತ್ತು. ಬಡಾವಣೆಯ ಯಜಮಾನರು ಅಪಶಕುನ ಕಂಡವರಂತೆ ಮುಖ ಮಾಡಿಕೊಂಡು ಜೀಪಿನಲ್ಲಿ ಬಂದು ಬೀಗ ತೆಗೆದರು. ಪುರೋಹಿತರು ಕೊಡೆ ಮಡಿಸಿ ಮೂಲೆಗಿಟ್ಟು, ಬರಿಗಾಲಲ್ಲಿ ಹಜಾರ, ಕೋಣೆ ದಾಟಿ ಅಡುಗೆಮನೆಯಲ್ಲಿ ನಿಂತರು. ಹೆಬ್ಬೆರಳು ಒತ್ತಿದರು. ಎರಡು ಟೈಲ್ಸುಗಳ ಸಂದಿಯಿಂದ ನೀರು ಗುಳುಗುಳು ಎಂದು ಎದ್ದು ಬಂತು. ಬಗ್ಗಿ ನೋಡಿದರೆ ಗೋಡೆಯುದ್ದಕ್ಕೂ ಅದೇ ಕಥೆ. ಬಡಾವಣೆಗೆಂದು ಮುಚ್ಚಿದ್ದ ಹಳೆಯ ಗದ್ದೆ ಕೆಳಗೆ ಮಣ್ಣು ಹೊದ್ದು ಮಲಗಿತ್ತೇ ಹೊರತು ಸತ್ತಿರಲಿಲ್ಲ.

"ಹೊಸ ಮನೆ ಅಲ್ವಾ ಭಟ್ರೇ," ಯಜಮಾನರು ನಕ್ಕರು. "ಮೊದಲ ಮಳೆಗೆ ಹೀಗೆ ಸ್ವಲ್ಪ ಜಲ ಏಳ್ತದೆ. ನೀವೇ ಒಂದು ಶಾಂತಿ ಮಾಡ್ಸಿಬಿಡಿ, ಸರಿಹೋಗ್ತದೆ."

"ಶಾಂತಿ ಎಂತಕ್ಕೆ ಮಾರಾಯ?" ಪುರೋಹಿತರು ಪಂಚೆಯ ಅಂಚು ಹಿಂಡುತ್ತ ಹೇಳಿದರು. "ನೀರು ನಿಂತಿದೆ, ಮಳೆ ಹಿಡಿದಿದೆ. ಭತ್ತದ ನಟ್ಟಿ ಮಾಡ್ಸು."

ಆ ಮಾತು ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ತಲುಪಿತು. ಅಲ್ಲಿಂದ ಮುಂದೆ ಆ ಬಡಾವಣೆಯ ಒಂದು ಗೃಹಪ್ರವೇಶಕ್ಕೂ ಅವರನ್ನು ಕರೆಯಲಿಲ್ಲ. ಎಲ್ಲಿಂದಲೋ ಬೇರೆಯವರು ಬಂದು, ಒದ್ದೆ ನೆಲದ ಮೇಲೆ ಮಣೆ ಹಾಕಿ ಮಂತ್ರ ಹೇಳಿ ಹೋಗುತ್ತಿದ್ದರು. "ಒಳ್ಳೇದೇ ಆಯ್ತು, ನನ್ನ ಪಂಚೆ ಒಣಗಿರ್ತದೆ," ಅಂದರು ಇವರು.

ನಾವು ಪೇಟೆಯ ಮನೆಯನ್ನೇ ಕೊಂಡೆವು. ಗೃಹಪ್ರವೇಶದ ದಿನ ಪುರೋಹಿತರು ಒಳಗೆ ಬಂದು, ಸುತ್ತ ನೋಡಿ, "ಇದನ್ನು ಮನೆ ಅನ್ನೋದು ಕಷ್ಟ. ಎರಡು ಅಂಗಡಿ ನಡುವಿನ ಸಂದಿ. ಆದರೆ ಕೆಳಗೆ ಜಂಬಿಟ್ಟಿಗೆ ಕಲ್ಲುಂಟು, ನೀರು ನಿಲ್ಲೋದಿಲ್ಲ, ಬದುಕಬಹುದು," ಎಂದು ಆಶೀರ್ವಾದ ಮಾಡಿದರು. ಹೋಮಕುಂಡವನ್ನು ಹಿತ್ತಲಿಗೆ ಹಾಕಿಸಿ, ನನ್ನ ಹೆಂಡತಿಯನ್ನು ಗಾಳಿ ಬರುವ ಬಾಗಿಲಲ್ಲಿ ಕೂರಿಸಿದರು. ಒಗ್ಗರಣೆಗೆ ಅವಳು ಈಗಲೂ ಸೀನುತ್ತಾಳೆ. ಆದರೆ ಮಳೆಗಾಲದಲ್ಲೂ ಮಲಗಿ ನಿದ್ದೆ ಮಾಡುತ್ತಾಳೆ.

ನಾಲ್ಕು ವರ್ಷದ ಮೇಲೆ ಅವರು ಹಾಸಿಗೆ ಹಿಡಿದರು. ನಾನು ನೋಡಲು ಹೋಗಿ, ನಮಗಾಗಿ ಇಷ್ಟು ಕಳೆದುಕೊಂಡಿರಿ ಎಂದೇನೋ ಸಭ್ಯ ಭಾಷಣ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ನಿಮಗಾಗಿ ಅಂದ್ಕೊಂಡ್ರಾ? ಎಂತಹ ಅಹಂಕಾರ ಮಾರಾಯ್ರೇ." ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. "ಅದಕ್ಕಿಂತ ಮುಂಚೆ ಇನ್ನೊಂದು ಕಡೆ, ಗದ್ದೆ ಮುಚ್ಚಿ ಕಟ್ಟಿದ ಮನೆಗೆ ನಾನೇ ಮುಹೂರ್ತ ಇಟ್ಟಿದ್ದೆ. ಆ ಮನೆ ಹೆಂಗಸಿಗೂ ಉಬ್ಬಸ. ಮಳೆಗಾಲದಲ್ಲಿ ಜೋರಾಗ್ತದೆ, ಮನೆಗೆ ದೋಷ ಉಂಟು ಅಂತ ಕರೆಸಿದ್ರು. ಕಾಲಿಗೆ ನೀರು ತಾಗ್ತಿತ್ತು. ನಾನು ಹೇಳಲಿಲ್ಲ. ಮೂರು ಮಳೆಗಾಲ, ಬಾಗಿಲು ಹಾಕ್ಕೊಂಡು, ಹೊಗೆ ತುಂಬಿಸಿ ಶಾಂತಿ ಮಾಡಿಸ್ದೆ. ನಾಲ್ಕನೇ ಮಳೆಗಾಲ ಆಕೆಯ ವೈಕುಂಠ ಸಮಾರಾಧನೆ. ಅದಕ್ಕೂ ನನ್ನನ್ನೇ ಕರೆದ್ರು. ಹೋದೆ. ಊಟಾನೂ ಮಾಡಿದೆ."

ಲೋಕದ ಮೇಲೆಲ್ಲ ಚೆಲ್ಲುತ್ತಿದ್ದ ಆ ತಿರಸ್ಕಾರದ ದೊಡ್ಡ ಪಾಲನ್ನು ಅವರು ಯಾರಿಗಾಗಿ ಎತ್ತಿಟ್ಟುಕೊಂಡಿದ್ದರು ಎಂದು ನನಗೆ ಅವತ್ತು ಗೊತ್ತಾಯಿತು.

ಹದಿನೈದು ದಿನದಲ್ಲಿ ತೀರಿಕೊಂಡರು. ಅವರ ಸಮಾರಾಧನೆಗೆ ನಾವಿಬ್ಬರೂ ಹೋಗಿದ್ದೆವು. ಎಲೆಯ ಮುಂದೆ ಕೂತವನು ಅನ್ನ ಕಲಸುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೆಲ್ಲಗೆ, "ಉಣ್ಣಿ. ಎಲೆಯಲ್ಲಿ ಬಿಟ್ಟರೆ ಅವರು ಬೈತಿದ್ರು," ಅಂದಳು. ಉಂಡೆ.