ವಿಮಾನದ ಮುಚ್ಚಳ ಉಜ್ಜಿದ ಮಲ್ಲಾಜಮ್ಮ

ನಮ್ಮತ್ತೆ ಮಲ್ಲಾಜಮ್ಮನವರ ಹಟ ಎಂಥದ್ದು ಅಂತ ಕಟ್ಟೆಮಳಲವಾಡಿಯಲ್ಲಿ ಯಾರನ್ನು ಕೇಳಿದರೂ ನಾಟಿಯ ಕತೆಯನ್ನೇ ಹೇಳುತ್ತಾರೆ. ಒಂದು ವರ್ಷ ಕಾಲುವೆ ಕೆಳಗಿನ ಗದ್ದೆಯಲ್ಲಿ ಕೂಲಿ ಹೆಂಗಸರು ಹರಟೆ ಹೊಡೆಯುತ್ತಾ ಪೈರನ್ನು ಅಡ್ಡಾದಿಡ್ಡಿ ನೆಟ್ಟರಂತೆ. ಅತ್ತೆ ಬದುವಿನ ಮೇಲೆ ನಿಂತು ನೋಡಿದರು. ಬೈಯಲಿಲ್ಲ, ಕೂಗಾಡಲಿಲ್ಲ. ಗದ್ದೆಗಿಳಿದು ನೆಟ್ಟಿದ್ದನ್ನೆಲ್ಲ ಕಿತ್ತು, ಕಟ್ಟು ಕಟ್ಟಿ, ಮತ್ತೆ ತಾವೇ ನೆಟ್ಟರು. ಆಗ ಅವರ ಗಂಡ ಸತ್ತು ವರ್ಷ ತುಂಬಿರಲಿಲ್ಲ. ಮಗ ಮಂಟಯ್ಯ ಬದುವಿನ ಮೇಲೆ ಮಣ್ಣಾಡುವ ಕೂಸು. ಊರವರು ಇದನ್ನು ಮೆಚ್ಚಿಕೊಂಡು ಹೇಳುತ್ತಾರೆ, ಹೇಳಲಿ. ಆ ಹಟದ ಜೊತೆ ಒಂದೇ ಒಲೆಯ ಮುಂದೆ ಬಾಳಿದ ಸೊಸೆ ನಾನು. ನನ್ನನ್ನು ಕೇಳಿದರೆ ವಿಮಾನದ ಕತೆ ಹೇಳುತ್ತೇನೆ.

ಆ ಮಂಟಯ್ಯನೇ ನನ್ನ ಯಜಮಾನರು. ಹುಣಸೂರಿನಲ್ಲಿ ಹೈಸ್ಕೂಲು ಮುಗಿಸಿ ವಾಯುಪಡೆಗೆ ಸೇರಿದವರು, ಪಂಜಾಬಿನ ಕಡೆ ಇದ್ದರು. ಎಪ್ಪತ್ತೊಂದರ ಬೇಸಿಗೆಯಲ್ಲಿ ರಜೆಗೆ ಬಂದಾಗ ಟ್ರಂಕಿನೊಳಗೆ ಬಟ್ಟೆಯ ನಡುವೆ ಸುತ್ತಿಟ್ಟು ಒಂದು ಪ್ಲಾಸ್ಟಿಕ್ ವಿಮಾನ ತಂದರು. ಮೊಳಕ್ಕಿಂತ ತುಸು ಕಮ್ಮಿ ಉದ್ದ. ಯಾರೋ ಆಫೀಸರು ವರ್ಗವಾಗಿ ಹೋಗುವಾಗ ಬಿಡಿ ಭಾಗಗಳ ಡಬ್ಬಿಯನ್ನು ಇವರಿಗೆ ಕೊಟ್ಟು ಹೋಗಿದ್ದರಂತೆ. ಇವರು ಕೂತು ಅಂಟಿಸಿ, ಬಣ್ಣ ಹಚ್ಚಿದ್ದರು. ಮುಂಭಾಗದ ಮೇಲೆ ಮಾವಿನ ವಾಟೆಯ ಗಾತ್ರದ ಒಂದು ಮುಚ್ಚಳ, ಗಾಜಿನಂಥ ತಿಳಿ ಪ್ಲಾಸ್ಟಿಕ್ಕಿನದು. ಅದರೊಳಗೆ ಬೆರಳ ತುದಿಯಷ್ಟು ದೊಡ್ಡ ಒಬ್ಬ ಮನುಷ್ಯ ಕೂತಿದ್ದ. ಕಣ್ಣು, ಮೂಗು ಎಲ್ಲ ಇತ್ತು.

ಊರಿನ ಅರ್ಧ ಜನ ನಮ್ಮ ಜಗಲಿಯ ಮೇಲೆ ಸೇರಿದ್ದರು. ಅತ್ತೆ ವಿಮಾನವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: "ಇದ್ರಲ್ಲಿ ನೀನು ಎಲ್ಲಿ ಕುಂತ್ಕತೀಯಪ್ಪ?"

ಅಷ್ಟು ಜನರ ಮುಂದೆ ಇವರು ಆ ಮುಚ್ಚಳದ ಮೇಲೆ ಬೆರಳಿಟ್ಟು, "ಇಲ್ಲೇ ಕಣವ್ವ" ಅಂದುಬಿಟ್ಟರು.

ರಜೆ ಮುಗಿಸಿ ಹೊರಟ ದಿನ, ಬಸ್ಸಿಗೆ ಕಾಯುತ್ತಾ ನನ್ನೊಬ್ಬಳಿಗೆ ನಿಜ ಹೇಳಿದರು. ಇವರು ವಿಮಾನ ಓಡಿಸುವವರಲ್ಲ. ನೆಲದ ಮೇಲಿನ ಕೆಲಸ ಇವರದು. ಏಣಿ ಹತ್ತಿ, ಓಡಿಸುವವನ ತಲೆಯ ಮೇಲಿನ ಆ ತಿಳಿ ಮುಚ್ಚಳವನ್ನು ಒರೆಸುವುದು, ಗೀರು ಬಿದ್ದಿದ್ದರೆ ಉಜ್ಜಿ ತೆಗೆಯುವುದು. "ಮ್ಯಾಲೆ ಹೋದ್ಮೇಲೆ ಒಂದು ಸಣ್ಣ ಗೀರು ದೂರದ ವಿಮಾನದಂಗೇ ಕಾಣ್ತದೆ ಕಣೆ. ಅದ್ನ ನೋಡ್ತಾ ಕುಂತ್ರೆ ನಿಜವಾದ್ದು ಬಂದು ಹೊಡೀತದೆ" ಅಂದರು. ಹಾಗಾದರೆ ಅವ್ವನಿಗೆ ಯಾಕೆ ಸುಳ್ಳು ಹೇಳಿದಿರಿ ಅಂತ ಕೇಳಿದೆ. ಜನರ ಮುಂದೆ ಬಾಯಿಗೆ ಬಂದುಬಿಟ್ಟಿತು, ಮುಂದಿನ ಸಲ ಬಂದಾಗ ಹೇಳುತ್ತೇನೆ ಅಂದರು. ನನಗೆ ಮೈಯೆಲ್ಲ ಉರಿಯಿತು. ಬಸ್ಸು ಬಂತು, ಹತ್ತಿ ಹೋದರು. ಸುಳ್ಳಿನ ಜೊತೆ ಸಂಸಾರ ಮಾಡುವ ಭಾಗ್ಯ ನನಗೆ ಉಳಿಯಿತು.

ಸಂಜೆ ದೀಪ ಹಚ್ಚಿದ ಕೂಡಲೇ ಅತ್ತೆ ಗೋಡೆಯ ಗೂಡಿನಲ್ಲಿಟ್ಟಿದ್ದ ವಿಮಾನದ ಹತ್ತಿರ ಮುಖ ತಂದು, ಒಳಗಿನವನನ್ನು ನೋಡಿ, "ಉಂಡ್ಯೇನಪ್ಪ?" ಅಂತ ಕೇಳುವರು. ಆಮೇಲೇ ನಮಗೆಲ್ಲ ಮುದ್ದೆ. ಇವರ ನೆನಪು ನನಗೂ ಬರುತ್ತಿತ್ತು, ಆದರೆ ಆ ಬೊಂಬೆ ಇವರಲ್ಲ ಅಂತ ನನಗೆ ಗೊತ್ತಿತ್ತು.

ಆ ವರ್ಷದ ಆಯುಧಪೂಜೆ ಬಂತು. ನೇಗಿಲು, ಕುಡುಗೋಲು, ಗುದ್ದಲಿ, ಮಚ್ಚು, ಈಳಿಗೆಮಣೆ ಎಲ್ಲವೂ ಹಿತ್ತಲಿಗೆ ಬಂದವು. ನಾನು ನಮ್ಮ ಎಳೆ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ಈಚೆ ಬಂದು ನೋಡುತ್ತೇನೆ, ಅತ್ತೆ ವಿಮಾನವನ್ನೂ ತೊಳೆಯಲು ಕೂತಿದ್ದಾರೆ! ತಂಬಿಗೆ ಬೆಳಗುವ ಹಾಗೆ ಬೂದಿ, ಇಟ್ಟಿಗೆ ಪುಡಿ, ತೆಂಗಿನ ನಾರು. ನಾನು ಕೂಗುವಷ್ಟರಲ್ಲಿ ಉಜ್ಜಿ ಮುಗಿದಿತ್ತು. ಒದ್ದೆ ಇದ್ದಾಗ ಹೊಳೆಯಿತು. ಬಿಸಿಲಿಗೆ ಒಣಗಿದ ಮೇಲೆ ಮುಚ್ಚಳದ ತುಂಬ ಗೀರೋ ಗೀರು, ಬೆಕ್ಕು ಪರಚಿದ ಹಾಗೆ. ಅತ್ತೆ ಅದರ ಮೇಲೇ ಕುಂಕುಮ ಇಟ್ಟು ಪೂಜೆ ಮಾಡಿದರು. ಸಂಜೆ ದೀಪ ಹಚ್ಚಿ ಮುಖ ಹತ್ತಿರ ತಂದರು. ಒಳಗಿನವನ ಮುಖ ಕಾಣಲಿಲ್ಲ.

"ಅಯ್ಯೋ, ಮಗೀನ ಮಕ ಕಾಣ್ದು ಕಣಮ್ಮಿ" ಅಂದರು. ಅವತ್ತು ಮುದ್ದೆ ಮುಟ್ಟಲಿಲ್ಲ.

ಪಕ್ಕದ ಮನೆ ಕುಳ್ಳಮ್ಮ ಬಂದು ನೋಡಿ, "ಮಕ ಮಸುಕಾಗೋದು ಒಳ್ಳೇದಲ್ಲ ಕಣಕ್ಕ. ಗಡೀಲಿ ಬೇರೆ ಗಲಾಟೆ ಅಂತಾರೆ" ಅಂದಳು. ನಾನು ಅವಳನ್ನು ಬಾಗಿಲಾಚೆಗೆ ಕಳಿಸಿ ಬಂದೆ. ಆದರೆ ಮಾತು ಒಳಗೆ ಬಂದು ಕೂತಾಗಿತ್ತು. ಇವರಿಗೆ ಕಾಗದ ಬರೆದು ಕೇಳೋಣ ಅಂತ ನಾನೆಂದರೆ ಅತ್ತೆ ಉರಿದುಬಿದ್ದರು: "ಅವ್ನು ಆಕಾಸ್ದಲ್ಲಿ ಅವ್ನೆ. ಅಲ್ಲಿಗೆ ನನ್ನ ನಾರು ಬೂದಿ ಕತೆ ಬರೀತೀಯಾ? ನಾನು ಕೆಡಿಸ್ದೆ, ನಾನೇ ನೆಟ್ಟಗ್ ಮಾಡ್ತೀನಿ. ಅವ್ನು ಬರೋ ಹೊತ್ಗೆ ಅವ್ನ ಮಕ ಅವ್ನಿಗೆ ಕಾಣ್ಬೇಕು." ಆ ಕೆಲಸ ಇಡೀ ಊರಿನಲ್ಲಿ ಅವರ ಮಗನೊಬ್ಬನಿಗೇ ಗೊತ್ತು ಅಂತ ನಾನು ಹೇಗೆ ಹೇಳಲಿ? ಗೀರು ಹೇಗೆ ತೆಗೆಯುತ್ತೀರಿ ಅಂತ ಬಸ್ಸಿನ ಹತ್ತಿರ ಕೇಳುವ ಬುದ್ಧಿಯೂ ನನಗೆ ಬಂದಿರಲಿಲ್ಲ.

ಮೊದಲು ಕೊಬ್ಬರಿ ಎಣ್ಣೆ ಸವರಿದರು. ಮುಚ್ಚಳ ತಿಳಿಯಾಯಿತು! ಅತ್ತೆ ಮಗುವಿನ ಹಾಗೆ ನಕ್ಕರು. ಬೆಳಗಾಗುವಷ್ಟರಲ್ಲಿ ಎಣ್ಣೆಗೆ ಒಲೆಯ ಹೊಗೆ, ದೂಳು ಎಲ್ಲ ಮೆತ್ತಿ ಮೊದಲಿಗಿಂತ ಕೆಟ್ಟದಾಯಿತು. ಒರೆಸಿದರೆ ಗೀರು ಇದ್ದಲ್ಲೇ ಇತ್ತು.

"ಇನ್ನು ಇದ್ರ ಮ್ಯಾಲೆ ಪರೀಕ್ಸೆ ಬ್ಯಾಡ" ಅಂದುಕೊಂಡ ಅತ್ತೆ ಏನು ಮಾಡಿದರು ಗೊತ್ತೆ? ಪಿರಿಯಾಪಟ್ಟಣದ ನನ್ನ ತವರಿನಿಂದ ಬಂದಿದ್ದ ಸೋಪಿನ ಡಬ್ಬಿಗೆ ಕೈ ಹಾಕಿದರು. ಅದರ ಮುಚ್ಚಳವೂ ತಿಳಿ ಪ್ಲಾಸ್ಟಿಕ್ಕು. ಬೂದಿ, ನಾರು ಹಾಕಿ ಅದನ್ನೂ ಬೇಕೆಂದೇ ಗೀರಿದರು, ಅದರ ಮೇಲೆ ಮದ್ದು ಹುಡುಕಲು! ನಾನು ಎರಡು ದಿನ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಸೀಮೆಣ್ಣೆ, ಹುಣಸೆಹಣ್ಣು, ಸೀಗೆಪುಡಿ ಎಲ್ಲ ಆಯಿತು. ಸೀಮೆಣ್ಣೆ ತಾಕಿದಲ್ಲಿ ಡಬ್ಬಿ ಬೆಳ್ಳಗೆ ಮಂಕಾದಾಗ, "ನೋಡ್ದಾ, ಇಮಾನಕ್ಕೆ ಹಾಕಿದ್ರೆ ಏನ್ ಗತಿ ಆಗ್ತಿತ್ತು?" ಅಂತ ನನಗೇ ಬುದ್ಧಿ ಹೇಳಿದರು.

ಕೊನೆಗೆ ಡಬ್ಬಿಯ ಮುಚ್ಚಳವನ್ನು ಸೆರಗಿಗೆ ಕಟ್ಟಿಕೊಂಡು ಹುಣಸೂರಿಗೆ ಹೋದರು. ಅಲ್ಲಿ ಮರದ ಡಿಪೋ ಹತ್ತಿರ ಬಡಗಿ ಸಿದ್ದಯ್ಯ ಅಂತ ಒಬ್ಬರಿದ್ದರು, ನಮ್ಮ ಮನೆಯ ಬಾಗಿಲು ಮಾಡಿದವರು. ಅವರು ತಿರುಗಿಸಿ ತಿರುಗಿಸಿ ನೋಡಿ, "ಪ್ಲಾಸ್ಟಿಕ್ ಇಸ್ಯ ನಂಗೊತ್ತಿಲ್ಲ ಕಣವ್ವ. ಮರ ಆದ್ರೆ ಆಳದ ಗೀರ್ನ ಮುಚ್ಚಾಕಾಗಾಕಿಲ್ಲ. ಸುತ್ತ ಇರೋದ್ನೆಲ್ಲ ಅದ್ರ ಮಟ್ಟಕ್ಕೆ ಇಳಿಸ್ಬೇಕು. ಆಮ್ಯಾಕೆ ನುಣ್ಣಗೆ, ಇನ್ನೂ ನುಣ್ಣಗೆ ಉಜ್ಕೊಂಡು ಹೋಗ್ಬೇಕು" ಅಂದರಂತೆ. ಮರ ಉಜ್ಜಿ ಸವೆದು ಹೋದ ಒಂದಿಷ್ಟು ಉಪ್ಪುಕಾಗದದ ಚೂರುಗಳನ್ನೂ ಕೊಟ್ಟು ಕಳಿಸಿದರು.

ಆ ಚೂರನ್ನು ನೀರಿನಲ್ಲಿ ನೆನೆಸಿ ಡಬ್ಬಿಯ ಮೇಲೆ ಆಡಿಸಿದರೆ ಗೀರು ಹೋಯಿತು, ಆದರೆ ಅಷ್ಟು ಜಾಗ ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಅದರ ಮೇಲೆ ಹಲ್ಲುಪುಡಿ ಹಾಕಿ ಬಟ್ಟೆಯಲ್ಲಿ ಉಜ್ಜಿದರು. ಮಜ್ಜಿಗೆ ಹೋಗಿ ಮಂಜಿನಷ್ಟು ಮಸುಕು ಉಳಿಯಿತು. ಇನ್ನೂ ಉಜ್ಜಿದರೆ ಅದೂ ಹೋಗುತ್ತದೆ ಅಂತ ಅತ್ತೆ ತೀರ್ಮಾನಿಸಿ ವಿಮಾನವನ್ನು ಗೂಡಿನಿಂದ ಇಳಿಸಿದರು.

ನಾನು ಹೊಲದಿಂದ ಬಂದಾಗ ಮುಚ್ಚಳ ಪೂರ್ತಿ ಬೆಳ್ಳಗಾಗಿತ್ತು. ಮೊದಲು ಗೀರುಗಳ ಸಂದಿಯಲ್ಲಾದರೂ ಆ ಬೊಂಬೆಯ ಹೆಗಲು ಕಾಣುತ್ತಿತ್ತು. ಈಗ ಅದೂ ಇಲ್ಲ.

"ಅತ್ತೆಮ್ಮ, ಏನು ಮಾಡಿದ್ರಿ ನೀವು! ಇದ್ದದ್ದೂ ಹೋಯ್ತಲ್ಲ" ಅಂತ ಕಿರುಚಿ ಕಿತ್ತುಕೊಳ್ಳಲು ಹೋದೆ.

ಅವರು ಕೈ ಬಿಡಲಿಲ್ಲ. "ಒಂದೆರಡು ಪೈರು ಓರೆ ಆದ್ರೆ ತಿದ್ಬೋದು ಕಣಮ್ಮಿ. ಎಲ್ಲಾ ಓರೆ ಆದ್ರೆ ಕಿತ್ತೇ ನೆಡ್ಬೇಕು. ಅಡ್ಡ ಬರ್ಬ್ಯಾಡ, ಬುಡು" ಅಂದರು.

ಅದೇ ವಾರ ಯುದ್ಧ ಶುರುವಾಯಿತು. ಪಂಚಾಯ್ತಿ ರೇಡಿಯೋ ಮುಂದೆ ಊರೇ ನೆರೆಯಿತು. ವಿಮಾನಗಳು ಹೋದವು, ಬಂದವು, ಇಷ್ಟು ಬೀಳಿಸಿದರು, ನಮ್ಮವು ಇಷ್ಟು ಬಿದ್ದವು. ಬಿದ್ದವು ಅಂದ ಕಡೆ ಅತ್ತೆ ಎದ್ದು ಮನೆಗೆ ಬಂದುಬಿಡುವರು. ನನಗೂ ಭಯವಾಗಿತ್ತು, ಸುಳ್ಳೇಕೆ? ನೆಲದ ಮೇಲೆ ಇರುವವರ ಮೇಲೂ ಬಾಂಬು ಬೀಳುತ್ತದೆ. ಆದರೂ ಅತ್ತೆಯ ಹೆದರಿಕೆ ನನ್ನದಕ್ಕಿಂತ ದೊಡ್ಡದು, ಆಕಾಶದಷ್ಟು ಎತ್ತರದ್ದು. ನಿಜ ಹೇಳಿ ಅರ್ಧವಾದರೂ ಇಳಿಸಲೇ ಅಂತ ಬಾಯಿ ತೆರೆದು, ಅದನ್ನು ಹೇಳಬೇಕಾದವರು ಇವರೇ ಅಂತ ಮುಚ್ಚಿಕೊಂಡೆ. ಅತ್ತೆ ಜಗಲಿಯ ಮೇಲೆ ಕೂತು ಹಲ್ಲುಪುಡಿ ಹಾಕಿ ಉಜ್ಜಿದರು, ಉಜ್ಜಿದರು. ಬೆರಳ ತುದಿ ಸುಲಿದು ಹೋಯಿತು. ಬಿಳಿ ಹೋಗಿ ಮಂಜಾಯಿತು. ಮಂಜು ಮಾತ್ರ ಅಲ್ಲಾಡಲಿಲ್ಲ. ಕಣ್ಣಿಟ್ಟು ನೋಡಿದರೆ ಕೂದಲಿನಂಥ ಹೊಸ ಗೀರುಗಳು. ಹಲ್ಲುಪುಡಿಯ ತರಿಯೇ ಅದನ್ನು ಮಾಡುತ್ತಿತ್ತು.

ಒಂದು ಬೆಳಗ್ಗೆ ನಾನು ಕೂಸಿಗೆ ರಾಗಿ ಸರಿ ಮಾಡಲು ಕೂತಿದ್ದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಹಿಟ್ಟನ್ನು, ಪಾತ್ರೆಯ ಬಾಯಿಗೆ ತೆಳು ಬಟ್ಟೆ ಬಿಗಿದು, ಅದರ ಮೇಲೆ ಕೈಯಾಡಿಸಿ ಇಳಿಸಬೇಕು. ಕೂಸಿನ ಹೊಟ್ಟೆಗೆ ಒಂದು ತರಿಯೂ ಹೋಗಬಾರದು. ಅತ್ತೆ ಬಂದು ನಿಂತು ನನ್ನ ಕೈಯನ್ನೇ ನೋಡಿದರು.

"ಅಮ್ಮಿ, ಆ ಬಟ್ಟೆ ಕೊಡು."

"ಕೂಸಿನ ಸರಿ ಬಟ್ಟೆ ಅತ್ತೆಮ್ಮ, ಮುಟ್ಟಬೇಡಿ. ಸೋಪಿನ ಡಬ್ಬಿ ಆಯ್ತು, ಇನ್ನು ಇದೂ ಬೇಕೆ?"

"ಕೊಡು ಅಂದ್ನಲ್ಲ."

ಹಿಟ್ಟು ಇಳಿಸಿ ಮುಗಿಯುವವರೆಗೂ ನಾನು ಕೊಡಲಿಲ್ಲ. ಮುಗಿದ ಮೇಲೆ ಅತ್ತೆ ಅದನ್ನು ಒಗೆದು ಒಣಗಿಸಿ, ಹಲ್ಲುಪುಡಿಯನ್ನು ಅದರಲ್ಲಿ ಇಳಿಸಿದರು. ಇಳಿದದ್ದನ್ನೇ ಮಡಿಕೆ ಮಾಡಿದ ಬಟ್ಟೆಯಲ್ಲಿ ಮತ್ತೆ ಇಳಿಸಿದರು. ತಟ್ಟೆಯ ತಳದಲ್ಲಿ ಬೆರಳಿಗೆ ಮುಟ್ಟಿದ್ದೇ ಗೊತ್ತಾಗದಂಥ ಪುಡಿ ಉಳಿಯಿತು. ಅದಕ್ಕೆ ಒಂದು ಹನಿ ನೀರು ಹಾಕಿ, ಕೂಸಿನ ಹಳೇ ಅಂಗಿಯ ಚೂರಿನಲ್ಲಿ ಅದ್ದಿ, ಕೂಸಿನ ಮೈ ಒರೆಸುವಷ್ಟು ಹಗುರಾಗಿ ಆಡಿಸಿದರು. ಮೊದಲು ನನ್ನ ಡಬ್ಬಿಯ ಮೇಲೆ. ಡಬ್ಬಿಯ ಒಂದು ಮೂಲೆ ತಿಳಿಯಾದದ್ದನ್ನು ನೋಡಿ ನಾನೇ ಓಡಿಹೋಗಿ ವಿಮಾನ ತಂದುಕೊಟ್ಟೆ.

ಯುದ್ಧ ಮುಗಿಯಿತು ಅಂತ ರೇಡಿಯೋ ಹೇಳಿದ ಮೇಲೂ ಅತ್ತೆ ಉಜ್ಜುತ್ತಲೇ ಇದ್ದರು. ಮೊದಲು ಬೊಂಬೆಯ ಹೆಗಲು ಬಂತು, ಆಮೇಲೆ ಗದ್ದ, ಒಂದು ಸಂಜೆ ಕಣ್ಣು. ಅವತ್ತು ಅತ್ತೆ ದೀಪ ಹಚ್ಚಿ, "ಉಂಡ್ಯೇನಪ್ಪ?" ಅಂದು, ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತರು. ನನಗೂ ಅಳು ಬಂತು. ಕ್ಷೇಮವಾಗಿದ್ದೇನೆ ಅಂತ ಇವರ ಕಾರ್ಡು ಬಂದದ್ದು ಅದಾದ ಮೇಲೆ.

ಯುಗಾದಿಯ ಹಿಂದಿನ ದಿನ ಇವರು ಬಂದರು. ಸೊರಗಿದ್ದರು. ಕೈಕಾಲು ತೊಳೆಯುವ ಮೊದಲೇ ಅತ್ತೆ ವಿಮಾನ ತಂದು ಕೈಗಿಟ್ಟು, ನಾರು ಬೂದಿಯಿಂದ ಹಿಡಿದು ಸರಿ ಬಟ್ಟೆಯವರೆಗೆ ಒಂದೇ ಉಸಿರಿಗೆ ಹೇಳಿದರು. ಇವರು ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆರಳು ಆಡಿಸಿದರು. ಆಮೇಲೆ ಜಗಲಿಯ ಮೇಲೆ ಕೂತರು.

"ಅವ್ವ, ಒಳಗಿರೋನು ನಾನಲ್ಲ. ನಾನು ಇಮಾನ ಓಡ್ಸೋನಲ್ಲ. ನೀನು ಮಾಡಿದ್ಯಲ್ಲ, ಇದೇ ನನ್ನ ಕೆಲ್ಸ. ಹೊರಗ್ ನಿಂತ್ಕಂಡು ಮುಚ್ಚಳ ಉಜ್ಜೋದು."

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬೈದರೆ ನಾನೂ ಎರಡು ಮಾತು ಸೇರಿಸಬೇಕು ಅಂತಲೂ ಇದ್ದೆ. ಅವರು ವಿಮಾನವನ್ನು ತೆಗೆದುಕೊಂಡು ಮುಚ್ಚಳದೊಳಗೆ ನೋಡಿದರು.

"ಅಂಗಾರೆ ಇವ್ನು ಯಾರ ಮಗ?"

"ಯಾರೋ ಕಣವ್ವ. ನಾನು ಉಜ್ಜಿ ಕಳ್ಸೋ ಇಮಾನದೋನು."

"ವಾಪಸ್ ಬಂದ್ನಾ?"

ಇವರು ತಲೆ ಎತ್ತಲಿಲ್ಲ. "ಒಬ್ಬ ಬರ್ಲಿಲ್ಲ. ಬೆಳಗ್ಗೆ ನಾನೇ ಉಜ್ಜಿ ಕೊಟ್ಟಿದ್ದೆ. ನಗಾಡ್ಕಂಡು ಹತ್ತಿದ. ಏನಾರ ಒಂದು ಗೀರು ಬುಟ್ಟಿದ್ನೇನೋ ಅಂತ ದಿನಾ ಅನ್ನಿಸ್ತದೆ ಅವ್ವ."

ಅತ್ತೆ ವಿಮಾನವನ್ನು ಪಕ್ಕಕ್ಕಿಟ್ಟು ಮಗನ ಎರಡೂ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಇಬ್ಬರ ಬೆರಳ ತುದಿಯೂ ಒಂದೇ ಥರ ಸವೆದಿತ್ತು.

"ಇಲ್ಲ ಕಣಪ್ಪ" ಅಂದರು. "ನೀನು ನನ್ನ ಮಗ. ನೀನು ಗೀರು ಬುಟ್ಟಿರಾಕಿಲ್ಲ."

ಇವರು ಅವ್ವನ ಮಡಿಲಲ್ಲಿ ತಲೆಯಿಟ್ಟು ಅತ್ತರು. ನಾನು ಹೇಳಬೇಕು ಅಂತಿದ್ದ ಎರಡು ಮಾತು ಎಲ್ಲಿ ಹೋದವೋ.

ಆಮೇಲೂ ಅತ್ತೆ ದೀಪ ಹಚ್ಚಿದ ಮೇಲೆ ವಿಮಾನದ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಆ ಅಂಗಿಯ ಚೂರಿನಲ್ಲಿ ಮುಚ್ಚಳ ಒರೆಸಿ, ಅದೇ ಮಾತನ್ನೇ ಕೇಳುವರು. ಮುಂದಿನ ಆಯುಧಪೂಜೆಯ ದಿನ ನೇಗಿಲು, ಕುಡುಗೋಲಿನ ಸಾಲಿನಲ್ಲಿ ವಿಮಾನವನ್ನೂ ಇಟ್ಟು, ಅದರ ಪಕ್ಕದಲ್ಲಿ ಆ ಬಟ್ಟೆಚೂರನ್ನು ಮಡಿಸಿಟ್ಟರು. ಎಲ್ಲಕ್ಕೂ ಕುಂಕುಮ ಇಡುತ್ತಾ ಬಂದು ಬಟ್ಟೆಗೂ ಇಟ್ಟರು. ವಿಮಾನಕ್ಕೆ ಮಾತ್ರ ಇಡಲಿಲ್ಲ. ಯಾಕೆ ಅತ್ತೆಮ್ಮ ಅಂತ ಕೇಳಿದೆ.

"ಒಳಗಿರೋ ಹುಡ್ಗುನ್ ಕಣ್ಗೆ ಅಡ್ಡ ಬತ್ತದೆ ಕಣಮ್ಮಿ" ಅಂದರು.